ಪಕ್ಕದ ಕೌಂಟಿಯ ಫೈಲು

ಮಾರ್ಚ್ 6, ಸೋಮವಾರ. ಮಧ್ಯಾಹ್ನ 3

ಇವತ್ತು ಕಣ್ಣೆದುರು ಎಷ್ಟು ಸಾವಿರ ಮೊಟ್ಟೆ ಹಾದುಹೋದವೋ. ಬೆಳಗ್ಗೆ ಐದರಿಂದ ಒಂದೂವರೆವರೆಗೆ ಕತ್ತಲ ಕೋಣೆಯಲ್ಲಿ ನಿಂತು, ಕೆಳಗಿನಿಂದ ಬೀಳುವ ದೀಪದ ಬೆಳಕಿನಲ್ಲಿ ಬಿರುಕು ಬಿಟ್ಟಿದ್ದನ್ನೂ ರಕ್ತದ ಚುಕ್ಕೆ ಇರುವುದನ್ನೂ ಹೆಕ್ಕಿ ಹಾಕುವುದು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಪಕ್ಕದಲ್ಲಿ ನಿಲ್ಲುವ ಹೊಸ ಹುಡುಗಿ ಇವತ್ತು ಮೂರು ಬಿರುಕು ನೋಡದೆ ಬಿಟ್ಟಳು. ಕಣ್ಣೆಲ್ಲ ಫೋನಿನ ಮೇಲೆ. ಹೇಳಿದರೆ ಮೂತಿ ಉಬ್ಬಿಸುತ್ತಾಳೆ.

ಶಿಫ್ಟ್ ಮುಗಿಸಿ ನೇರ ಕೋರ್ಟಿಗೆ. ಕೌಂಟರಿನಲ್ಲಿ ಕ್ಲರ್ಕ್ ಡೀ ಆನ್. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವಳು. ಓದಿದಳು ಅನ್ನುವುದು ತಪ್ಪು, ಬೆಂಚಿನ ಮೇಲೆ ಕೂತಿದ್ದಳು. ನನ್ನ ಹಳೆಯ ಕೇಸಿನ ನಕಲು ಬೇಕು ಎಂದೆ. ಎಲ್ಲರಿಗೂ ಕೇಳುವ ಹಾಗೆ ಕೂಗಿದಳು:

"ಯಾವ್ದು ಡಾರ್ಲಾ, ಆ ನೂಡಲ್ಸ್ ಕೇಸಾ?"

ಹಿಂದೆ ನಿಂತಿದ್ದ ಇಬ್ಬರು ಕಿಸಕ್ಕೆಂದರು. ನಗಲಿ. 2006ರ ಕೇಸು. ಅತ್ತೆಯ ಅಂತ್ಯಕ್ರಿಯೆಯ ಊಟ, ಚರ್ಚಿನ ನೆಲಮಾಳಿಗೆಯಲ್ಲಿ. ನಾದಿನಿ ಗ್ಲೆನ್ನಾ ಒಂದು ಮಾತು ಆಡಿದಳು. ನನ್ನ ಕೈಯಲ್ಲಿ ಬೀಫ್ ನೂಡಲ್ಸಿನ ಪಿಂಗಾಣಿ ಬೋಗುಣಿ ಇತ್ತು. ಆಮೇಲೆ ಅದು ಅವಳ ಹುಬ್ಬಿನ ಮೇಲಿತ್ತು. ಅವಳಿಗೆ ನಾಲ್ಕು ಹೊಲಿಗೆ. ನನಗೆ ಸಣ್ಣ ದರ್ಜೆಯ ಹಲ್ಲೆ ಎಂದು ದಾಖಲೆ, ಜೈಲಿನ ಬದಲು ಒಂದು ವರ್ಷ ಪ್ರೊಬೇಷನ್.

ಹದಿನೇಳು ವರ್ಷ ಆ ಕಾಗದ ಯಾರಿಗೂ ಬೇಕಿರಲಿಲ್ಲ. ಈಗ ಮಕ್ಕಳ ಇಲಾಖೆಗೆ ಬೇಕಾಗಿದೆ. ಮೊಮ್ಮಗಳು ಪೈಸ್ಲಿ ನವೆಂಬರಿನಿಂದ ಯಾರದೋ ಮನೆಯಲ್ಲಿದ್ದಾಳೆ. ಆರು ವರ್ಷದ ಕೂಸು. ಅವಳ ತಾಯಿ, ಅಂದರೆ ನನ್ನ ಘನ ಮಗಳು ಶೆಲ್ಬಿ, ಜೈಲಿನಲ್ಲಿದ್ದಾಳೆ. ಪೈಸ್ಲಿ ನನ್ನ ಮನೆಗೆ ಬರಬೇಕಾದರೆ ನನ್ನ ಹೆಸರು ಮೊದಲು ಚೊಕ್ಕಟವಾಗಬೇಕಂತೆ. ಕೋರ್ಟಿಗೆ ಅರ್ಜಿ ಹಾಕಿ ದಾಖಲೆ ಅಳಿಸಿಕೊಳ್ಳಬೇಕು. ಅಳಿಸಿಕೊಳ್ಳೋಣ. ಇವರಪ್ಪನ ಗಂಟೇನು ಹೋಗುತ್ತದೆ.

ಮಾರ್ಚ್ 9, ಗುರುವಾರ

ವಾರಕ್ಕೆ ಒಂದು ಗಂಟೆ ಭೇಟಿ. ಇಲಾಖೆಯ ಕೋಣೆ. ಗೋಡೆಯ ಮೇಲೆ ನಗುವ ಜಿರಾಫೆ, ನೆಲದ ಮೇಲೆ ಯಾರೋ ಚೀಪಿ ಬಿಟ್ಟ ಆಟಿಕೆಗಳು. ಮೂಲೆಯಲ್ಲಿ ಕೇಲಬ್ ಕೂತಿರುತ್ತಾನೆ. ಪೈಸ್ಲಿಯ ಕೇಸು ನೋಡಿಕೊಳ್ಳುವವನು. ಗಡ್ಡ ಇದೆ, ಮೀಸೆ ಇಲ್ಲ. ನಾನು ಕೆಮ್ಮಿದರೂ ಬರೆದುಕೊಳ್ಳುತ್ತಾನೆ.

ಮಗುವನ್ನು ಕರೆತಂದವಳು ಜೊಆನಾ ಬ್ರೆನ್ನೆಮನ್. ಇಲಾಖೆಯವರು ಪೈಸ್ಲಿಯನ್ನು ಇಟ್ಟಿರುವುದು ಇವಳ ಮನೆಯಲ್ಲಿ. ಬಣ್ಣವಿಲ್ಲದ ಬಟ್ಟೆ, ಬಣ್ಣವಿಲ್ಲದ ಮುಖ, ಬೆಣ್ಣೆಯಂಥ ಮಾತು. ಪೈಸ್ಲಿಯ ಕೂದಲನ್ನು ಎರಡು ಜಡೆ ಹಾಕಿದ್ದಳು. ಎಷ್ಟು ಬಿಗಿ ಎಂದರೆ ಮಗುವಿನ ಹುಬ್ಬು ಮೇಲೆ ಹೋಗಿತ್ತು.

"ಅಜ್ಜಿ, ಅಲ್ಲಿ ಟ್ರ್ಯಾಂಪೊಲಿನ್ ಇದೆ!"

"ಹೌದಾ? ಬಿದ್ದು ಕೈಕಾಲು ಮುರ್ಕೊಳ್ಳೋಕೆ."

"ಸುತ್ತ ಬಲೆ ಇದೆ ಅಜ್ಜಿ."

"ಇದ್ದೇ ಇರುತ್ತೆ ಬಿಡು ಅಂಥವರ ಹತ್ರ."

ಹೊರಡುವಾಗ ನನ್ನ ಕೋಟಿನ ಗುಂಡಿ ತಿರುಗಿಸುತ್ತ ಕೇಳಿದಳು. "ಅಮ್ಮ ಯಾವಾಗ ಬರ್ತಾಳೆ?"

"ನಿಮ್ಮಮ್ಮಂಗೆ ಬುದ್ಧಿ ಬಂದಾಗ. ಅಂದ್ರೆ ತುಂಬಾ ದಿನ ಕಾಯ್ಬೇಕು."

ಜೊಆನಾ ನೆಲ ನೋಡಿದಳು. ಕೇಲಬ್ ಬರೆದುಕೊಂಡ. ಬಾಗಿಲ ಹತ್ತಿರ ಅವನದೊಂದು ಸಣ್ಣ ಭಾಷಣ ಬೇರೆ: "ಡಾರ್ಲಾ ಅವರೇ, ಹಲ್ಲೆ ಕೇಸು ದಾಖಲೆಯಲ್ಲಿ ಇರೋವರೆಗೆ ನನ್ನ ಕೈ ಕಟ್ಟಿದೆ. ಅದನ್ನ ಅಳಿಸ್ಕೊಂಡು ಬನ್ನಿ, ಅರ್ಜಿ ಮುಂದಕ್ಕೆ ಹೋಗುತ್ತೆ." ಕೈ ಕಟ್ಟಿದೆಯಂತೆ, ಬರೆಯುವುದಕ್ಕೆ ಮಾತ್ರ ಚೆನ್ನಾಗಿ ಓಡುತ್ತದೆ.

ಮಾರ್ಚ್ 18, ಶನಿವಾರ

ಲೈಬ್ರರಿಯಲ್ಲಿ ಉಚಿತ ಕಾನೂನು ಸಲಹೆ. ಉಚಿತ ಎಂದ ಮೇಲೆ ಕೇಳಬೇಕೇ, ಊರಿನ ಕುಡುಕರೆಲ್ಲ ಸಾಲಾಗಿ ಕೂತಿದ್ದರು. ಅವರ ನಡುವೆ ನಾನು. ನನಗೆ ಸಿಕ್ಕ ವಕೀಲೆ ಹನ್ನಾ ಲೀಬ್. ಇಪ್ಪತ್ತೇಳು ವರ್ಷ ಇರಬಹುದು. ಉಗುರು ಕಚ್ಚುತ್ತಾಳೆ. ಇಂಥವಳ ಕೈಗೆ ನನ್ನ ಹಣೆಬರಹ.

"ಒಂದು ವಿಷಯ ಸರಿಯಾಗಿ ಕೇಳಿಸ್ಕೊಳ್ಳಿ" ಎಂದಳು. "ನಮ್ಮ ಇಂಡಿಯಾನಾ ರಾಜ್ಯದಲ್ಲಿ ಶಿಕ್ಷೆಯಾದ ಕೇಸು ಅಳಿಸ್ಕೊಳ್ಳೋ ಅವಕಾಶ ಜೀವಮಾನಕ್ಕೆ ಒಂದೇ ಸಲ. ಬೇರೆ ಕೌಂಟಿಯಲ್ಲಿ, ಬೇರೆ ಜಿಲ್ಲೆ ಕೋರ್ಟಲ್ಲಿ ಏನಾದ್ರೂ ಇದ್ರೆ ಅದನ್ನೂ ಒಂದೇ ವರ್ಷದೊಳಗೆ ಹಾಕ್ಬೇಕು. ವರ್ಷ ದಾಟಿದ್ರೆ ಬಾಗಿಲು ಮುಚ್ಚಿದ ಹಾಗೇ. ಬೇರೆ ಏನಾದ್ರೂ ಇದೆಯಾ?"

"ಇಲ್ಲ."

"ಹಳೇ ಹೆಸರಲ್ಲಿ? ಮೊದಲ ಮದುವೆ ಹೆಸರಲ್ಲಿ? ತುಂಬಾ ಜನ ಅದನ್ನೇ ಮರೀತಾರೆ."

"ಇಲ್ಲ ಅಂದ್ನಲ್ಲ."

ಇದೆ. ಡಾಬ್ಸ್ ಕೌಂಟಿ, 1991. ಇಲ್ಲಿಂದ ನಲವತ್ತು ಮೈಲಿ. ಆಗ ನಾನು ಡಾರ್ಲಾ ಪ್ರೂಯೆಟ್. ಮೊದಲ ಗಂಡ ಡ್ವೈಟನ ಹೆಸರು. ಈಗ ಹದಿನಾರು ವರ್ಷದಿಂದ ವೇಯ್ನ್ ವೈಗಂಡನ ವಿಧವೆ. ಈ ಊರಿನವರಿಗೆ ನಾನು ವೈಗಂಡ್ ಅಷ್ಟೇ. ಆ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ, ಎಲ್ಲ ಕಾಗದ. ಆ ಕೋರ್ಟಿನ ನೆಲಮಾಳಿಗೆಗೆ ಒಂದು ಸಲ ನೀರು ನುಗ್ಗಿತ್ತು ಎಂದೂ ಕೇಳಿದ್ದೇನೆ. ಒಂದು ಕೌಂಟಿಯವನಿಗೆ ಪಕ್ಕದ ಕೌಂಟಿಯವನು ಏನು ತಿಂದ ಎಂದು ಗೊತ್ತಿರುವುದಿಲ್ಲ. ಯಾರು ಹುಡುಕುತ್ತಾರೆ.

ಮಾರ್ಚ್ 19, ಭಾನುವಾರ. ಸಂಜೆ 5

ಶೆಲ್ಬಿಯ ಫೋನು. ಪ್ರತಿ ಭಾನುವಾರ ನಾಲ್ಕಕ್ಕೆ, ಜೈಲಿನಿಂದ. ಹದಿನೈದು ನಿಮಿಷ.

"ಅಮ್ಮಾ, ಪೈಸ್ಲಿ ಹೇಗಿದ್ದಾಳೆ?"

"ಎರಡು ದಿನ ಒಬ್ಬಳೇ ಅಪಾರ್ಟ್‌ಮೆಂಟಲ್ಲಿ ಕಾರ್ನ್‌ಫ್ಲೇಕ್ಸ್ ಡಬ್ಬ ತಬ್ಕೊಂಡು ಕೂತಿದ್ಳಲ್ಲ, ಅದಕ್ಕಿಂತ ಚೆನ್ನಾಗಿದ್ದಾಳೆ."

"ಅಮ್ಮ, ಪ್ಲೀಸ್."

"ಏನು ಪ್ಲೀಸು? ಮಾತ್ರೆ ಹುಡ್ಕೊಂಡು ಹೋಗುವಾಗ ಮಗು ನೆನಪಾಗ್ಲಿಲ್ವಾ? ಹೆತ್ತವಳು ಹೀಗೆ ಬಿಟ್ಟು ಹೋಗ್ತಾಳೇನೇ? ಹಾದಿಬೀದಿ ನಾಯೀನೂ ಹಾಗೆ ಮಾಡಲ್ಲ."

"ಸರಿ ಅಮ್ಮ" ಎಂದಳು. ಇನ್ನೂ ಏಳು ನಿಮಿಷ ಬಾಕಿ ಇತ್ತು. ಇಟ್ಟುಬಿಟ್ಟಳು. ಸತ್ಯ ಹೇಳಿದರೆ ಮೈ ಉರಿಯುತ್ತದೆ ಈಗಿನವರಿಗೆ.

ಮಾರ್ಚ್ 31, ಶುಕ್ರವಾರ

ಮೆರಿಟ್ ಕೌಂಟಿಯಲ್ಲಿ ಅರ್ಜಿ ಹಾಕಿದ್ದಾಯಿತು. ನಮ್ಮ ಕೌಂಟಿ. ಒಂದೇ ಕೇಸು. ಡೀ ಆನ್ ಮುದ್ರೆ ಒತ್ತಿದಳು, ಊರಿಗೆ ಉಪಕಾರ ಮಾಡಿದವಳ ಹಾಗೆ.

ಏಪ್ರಿಲ್ 20, ಗುರುವಾರ

ಕೋರ್ಟಿನಿಂದ ಪತ್ರ. ಸುಮ್ಮನೆ ಸಹಿ ಹಾಕಿ ಕಳಿಸುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಇಂಥ ಅರ್ಜಿ ಬಂದರೆ ಸರ್ಕಾರಿ ವಕೀಲ ಆ ಕೇಸಿನ ಸಂತ್ರಸ್ತರಿಗೆ ಪತ್ರ ಬರೆದು ತಿಳಿಸಬೇಕಂತೆ. ಬರೆದಿದ್ದಾನೆ. ಗ್ಲೆನ್ನಾ ಎದ್ದು ಕೂತು, ನಾನು ಜಡ್ಜ್ ಎದುರು ಮಾತಾಡಬೇಕು ಎಂದಿದ್ದಾಳೆ. ಹಾಗಾಗಿ ಮೇ 24ಕ್ಕೆ ವಿಚಾರಣೆ.

ಗ್ಲೆನ್ನಾ ಸಂತ್ರಸ್ತೆಯಂತೆ! ಚರ್ಚಿನಲ್ಲಿ ಮೊದಲ ಸಾಲಿನ ಕುರ್ಚಿ, ಊರಿನವರ ಮನೆಯ ಕಸವೆಲ್ಲ ಬಾಯಲ್ಲಿ. ಹುಬ್ಬಿನ ಮೇಲಿನ ಗೆರೆ ಕಾಣಲಿ ಎಂದೇ ಕೂದಲು ಹಿಂದಕ್ಕೆ ಬಾಚುತ್ತಾಳೆ. ಹದಿನೇಳು ವರ್ಷ ಇದಕ್ಕೇ ಕಾದಿದ್ದಾಳೆ.

ಹನ್ನಾ ಫೋನಿನಲ್ಲಿ ಕೇಳಿದಳು, "ಒಂದ್ಸಲ ಹೋಗಿ ಮಾತಾಡಿಸಿ ನೋಡ್ತೀರಾ?" ಅವಳ ಬಾಗಿಲಿಗೆ ಹೋಗಿ ಕೈಕಟ್ಟಿ ನಿಲ್ಲುವುದಕ್ಕಿಂತ ಸಾಯುವುದು ಮೇಲು ಎಂದೆ.

ಭಯ ಇದೆ. ಅವಳು ಕೋರ್ಟಿನಲ್ಲಿ ಬಾಯಿ ಬಿಟ್ಟರೆ ಬರೀ ಬೋಗುಣಿಯ ಕಥೆ ಹೊರಗೆ ಬರುವುದಿಲ್ಲ.

ಮೇ 24, ಬುಧವಾರ

ಗೆದ್ದೆ.

ಜಡ್ಜ್ ಇಡೀ ಹೊತ್ತು ಬಾಯಲ್ಲಿ ಪೆಪ್ಪರ್‌ಮಿಂಟ್ ಆಡಿಸುತ್ತಿದ್ದ. ಹನ್ನಾ ಹೊಸ ಬೂಟು ಹಾಕಿಕೊಂಡು ಬಂದು ಕುಂಟುತ್ತಿದ್ದಳು. ಗ್ಲೆನ್ನಾ ನೀಲಿ ಉಡುಪಿನಲ್ಲಿ, ಈಸ್ಟರ್ ಹಬ್ಬಕ್ಕೆ ಬಂದ ಹಾಗೆ. ಎದ್ದು ನಿಂತಳು.

"ಅವಳು ಹೊಡೆದಿದ್ದು ನಿಜ ಸರ್" ಎಂದಳು. "ಆದ್ರೆ ಆವತ್ತು ನಾನು ಆಡಿದ ಮಾತೂ ಅಂಥದ್ದೇ. ನಮ್ಮಮ್ಮನ್ನ ಆಗ ತಾನೇ ಮಣ್ಣು ಮಾಡಿ ಬಂದಿದ್ವಿ. ನಾನು ಬಾಯಿ ಮುಚ್ಕೊಂಡಿರ್ಬೇಕಿತ್ತು. ಇದನ್ನ ಹೇಳೋಕೇ ಬಂದೆ. ಅಳಿಸ್ಬಿಡಿ. ಆ ಮಗು ಮನೆಗೆ ಬರ್ಲಿ."

ಜಡ್ಜ್ ಸಹಿ ಹಾಕಿದ. ಐದು ನಿಮಿಷವೂ ಆಗಲಿಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗ್ಲೆನ್ನಾಳ ಕರುಣೆ! ಥೂ. ಮೆಟ್ಟಿಲ ಮೇಲೆ ಬೇಗ ಬೇಗ ಇಳಿಯುತ್ತಿದ್ದೆ, ಹಿಂದಿನಿಂದ ಬಂದು ತೋಳು ಹಿಡಿದಳು.

"ಡಾಬ್ಸ್ ಕೌಂಟಿದೂ ಹಾಕಿದೀಯಾ?"

"ನಿನಗ್ಯಾಕೆ ಅದೆಲ್ಲ?"

"ನಾನಾಗಿ ಯಾರ ಹತ್ರಾನೂ ಬಾಯಿ ಬಿಡಲ್ಲ. ಆದ್ರೆ ಇಲಾಖೆಯವರು ಬೆರಳಚ್ಚು ತಗೋತಾರೆ ಕಣೇ. ನಮ್ಮ ಪಕ್ಕದ ಮನೆಯವರು ಮಗು ಸಾಕೋಕೆ ಹೋದಾಗ ತಗೊಂಡ್ರು. ಬೆರಳಿಗೆ ಗಂಡನ ಹೆಸರು ಇರಲ್ಲ ಡಾರ್ಲಾ."

"ನಿನ್ನ ಕೆಲಸ ನೀನು ನೋಡ್ಕೋ" ಎಂದು ತೋಳು ಬಿಡಿಸಿಕೊಂಡೆ. ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಿತ್ತೇನೋ.

ಮೇ 25, ಗುರುವಾರ

ಗ್ಲೆನ್ನಾ ಅಂತ್ಯಕ್ರಿಯೆಯ ಊಟದಲ್ಲಿ ಆಡಿದ ಮಾತು ಇದು. ಅತ್ತೆಯ ಕೊನೆಗಾಲದಲ್ಲಿ ಅವಳನ್ನು ನೋಡಿಕೊಂಡವಳು ನಾನು ಎಂದು ಯಾರೋ ಹೊಗಳಿದರು. ಗ್ಲೆನ್ನಾ ಸ್ಪೂನು ನೆಕ್ಕುತ್ತ ಅಂದಳು: "ಹೆತ್ತ ಕೂಸನ್ನ ಕಾರಲ್ಲಿ ಬೇಯೋಕೆ ಬಿಟ್ಟವಳು ನಮ್ಮಮ್ಮನ್ನ ನೋಡ್ಕೊಂಡಳಂತೆ." ಶೆಲ್ಬಿ ಆಗ ಹದಿನೈದರವಳು, ಹೊರಗೆ ಪಾರ್ಕಿಂಗಿನಲ್ಲಿದ್ದಳು. ಅವಳ ಕಿವಿಗೆ ಬೀಳಲಿಲ್ಲ. ಬೀಳದ ಹಾಗೆ ನಾನೂ ವೇಯ್ನೂ ನೋಡಿಕೊಂಡೆವು.

ಬರೆದುಬಿಡುತ್ತೇನೆ. 1991ರ ಜುಲೈ. ನನಗೆ ಇಪ್ಪತ್ತು, ಶೆಲ್ಬಿಗೆ ಎಂಟು ತಿಂಗಳು. ಡ್ವೈಟ್ ಡಾಬ್ಸ್ ಕೌಂಟಿಯ ಒಂದು ಬಾರಿನಲ್ಲಿ ಇನ್ನೊಬ್ಬಳ ಜೊತೆ ಕೂತಿದ್ದಾನೆ ಎಂದು ಯಾರೋ ಹೇಳಿದರು. ಐದು ನಿಮಿಷ ಅಂದುಕೊಂಡು ಒಳಗೆ ಹೋದೆ. ಮಗು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿತ್ತು. ಕಿಟಕಿ ಎರಡು ಬೆರಳಷ್ಟು ಇಳಿಸಿದ್ದೆ. ಒಳಗೆ ಡ್ವೈಟ್ ಇರಲಿಲ್ಲ. ಒಂದು ಬಿಯರ್ ಕುಡಿದೆ. ಯೂಕರ್ ಇಸ್ಪೀಟು ಆಟಕ್ಕೆ ನಾಲ್ಕನೆಯ ಕೈ ಬೇಕು ಎಂದರು. ಕೂತೆ. ಎಲೆ ಚೆನ್ನಾಗಿ ಬರುತ್ತಿತ್ತು. ಗೆಲ್ಲುತ್ತಿದ್ದೆ.

ದಾರಿಯಲ್ಲಿ ಹೋಗುತ್ತಿದ್ದ ರೈತನ ಹೆಂಡತಿ ಯಾರೋ ಕಾರಿನ ಗಾಜು ಒಡೆದಳು. ಗಾಜಿನ ಸದ್ದು ಕೇಳಿಯೇ ನಾನು ಎದ್ದಿದ್ದು. ಮಗು ಎರಡು ದಿನ ಆಸ್ಪತ್ರೆಯಲ್ಲಿತ್ತು, ಬದುಕಿತು. ಹೆದರಿ ಪೊಲೀಸರಿಗೆ ನಲವತ್ತು ನಿಮಿಷ ಎಂದೆ. ಬಾರಿನವನೂ ಹೌದೆಂದ. ಮೊದಲ ತಪ್ಪು, ಚಿಕ್ಕ ವಯಸ್ಸು ಎಂದು ಆರೋಪ ಇಳಿಸಿ ಸಣ್ಣ ದರ್ಜೆಗೆ ಮಾಡಿದರು.

ಶೆಲ್ಬಿ ಮಾಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಎರಡು ದಿನ, ಮಾತ್ರೆಗೋಸ್ಕರ. ಬೇರೆಯೇ.

ಜೂನ್ 12, ಸೋಮವಾರ

ಬೆರಳಚ್ಚು. ಗಾಜಿನ ಮೇಲೆ ಒಂದೊಂದೇ ಬೆರಳು ಒತ್ತಬೇಕು. ಯಂತ್ರ ಮೂರು ಸಲ ಆಗಲ್ಲ ಎಂದಿತು. ಹತ್ತೊಂಬತ್ತು ವರ್ಷ ಮೊಟ್ಟೆ, ಸೋಪು ನೀರು, ಕ್ಲೋರಿನ್. ನನ್ನ ಬೆರಳಿನ ಗೆರೆ ಸವೆದಿದೆ. ಅಲ್ಲಿದ್ದ ಹುಡುಗಿ ಲೋಷನ್ ಹಚ್ಚಿ ಉಜ್ಜಿದಳು. "ಇನ್ನೊಂದ್ಸಲ ನೋಡೋಣ ಆಂಟಿ."

ಜೀವನದಲ್ಲಿ ಮೊದಲ ಸಲ ಆ ಹಾಳು ಕೆಲಸಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ನಾಲ್ಕನೆಯ ಸಲ ಹಸಿರು ದೀಪ ಹತ್ತಿತು.

ಜೂನ್ 30, ಶುಕ್ರವಾರ

ಕೇಲಬ್ ಫೋನು ಮಾಡಿದ. ಊಟದ ವಿರಾಮದಲ್ಲಿದ್ದೆ, ಹಿಂಬಾಗಿಲ ಹತ್ತಿರ ನಿಂತು ಕೇಳಿದೆ.

"ಡಾರ್ಲಾ ಪ್ರೂಯೆಟ್ ಅಂದ್ರೆ ನೀವೇನಾ?"

ಹಿಂಬಾಗಿಲು ಎಳೆದು ಮುಚ್ಚಿದೆ.

"ಮಗೂನ ನಿರ್ಲಕ್ಷ್ಯ ಮಾಡಿದ ಕೇಸು ಇದೆ. ನೀವು ನಮ್ಮ ಇಲಾಖೆ ಅರ್ಜಿಯಲ್ಲಿ ಬೇರೆ ಏನೂ ಇಲ್ಲ ಅಂತ ಬರ್ದಿದೀರ. ಕೇಸಿಗಿಂತ ಅದೇ ದೊಡ್ಡ ತೊಂದ್ರೆ ಆಗಿದೆ ಈಗ. ಸದ್ಯಕ್ಕೆ ಅರ್ಜಿ ತಡೆಹಿಡಿದಿದೀನಿ."

"ಮೂವತ್ತೆರಡು ವರ್ಷದ ಹಿಂದಿನ ಮಾತು ಕಣಯ್ಯಾ. ನೀನಿನ್ನೂ ಹುಟ್ಟಿರ್ಲಿಲ್ಲ."

"ಹೌದು ಮೇಡಂ. ಆದ್ರೆ ನೀವು ಇಲ್ಲ ಅಂತ ಬರ್ದಿದ್ದು ಹೋದ ತಿಂಗಳು."

ಅವನ ಗಡ್ಡ ಕಿತ್ತು ಕೈಗೆ ಕೊಡೋಣ ಅನ್ನಿಸಿತು.

ಜುಲೈ 8, ಶನಿವಾರ

ಡಾಬ್ಸ್ ಕೇಸಿನ ವಿಷಯ ಹೇಳಿದಾಗ ಹನ್ನಾ ಬೈಯಲಿಲ್ಲ. ಪೆನ್ನು ಕೆಳಗಿಟ್ಟು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು ಅಷ್ಟೇ. ನಾನು ಕೆಟ್ಟಿದ್ದು ಎಂದು ಹೆಕ್ಕಿ ಹಾಕುವ ಮೊಟ್ಟೆಯನ್ನು ನೋಡುವುದು ಹಾಗೆಯೇ.

"ಬಾಗಿಲು ಇನ್ನೂ ಮುಚ್ಚಿಲ್ಲ" ಎಂದಳು. "ಮೊದಲ ಅರ್ಜಿ ಹಾಕಿದ್ದು ಮಾರ್ಚ್ 31. ಬರೋ ಮಾರ್ಚೊಳಗೆ ಡಾಬ್ಸ್ ಕೌಂಟಿಯಲ್ಲೂ ಹಾಕಿದ್ರೆ ಎರಡೂ ಸೇರಿ ಒಂದೇ ಅಂತ ಲೆಕ್ಕ. ಅದೂ ಅಳಿಸಿ, ನೀವು ಸುಳ್ಳು ಬರ್ದಿದ್ದಕ್ಕೆ ಕೇಲಬ್‌ಗೊಂದು ಪತ್ರ ಕೊಟ್ರೆ ಅರ್ಜಿ ಮತ್ತೆ ಏಳಬಹುದು."

"ಹಾಗಾದ್ರೆ ಇವತ್ತೇ ಹಾಕು."

"ಒಂದು ವಿಷಯ ಇದೆ." ಉಗುರು ಬಾಯಿಗೆ ಹೋಯಿತು. "ಅಲ್ಲೂ ಸಂತ್ರಸ್ತರಿಗೆ ಪತ್ರ ಹೋಗುತ್ತೆ. ಮಗು ಈಗ ದೊಡ್ಡವಳಾಗಿರ್ತಾಳಲ್ಲ. ಅವಳ ಹೆಸರಿಗೇ."

ಶೆಲ್ಬಿಗೆ. ಜೈಲಿನ ವಿಳಾಸಕ್ಕೆ.

ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ.

ಸೆಪ್ಟೆಂಬರ್ 21, ಗುರುವಾರ

ಬರೆಯದೆ ಎರಡು ತಿಂಗಳ ಮೇಲಾಯಿತು. ಬರೆಯಲು ಏನಿದೆ. ಮೊಟ್ಟೆ. ಗುರುವಾರ. ಭಾನುವಾರದ ಫೋನು. ಫೋನಿನಲ್ಲಿ ಈಚೆಗೆ ನಾನು ಹೆಚ್ಚು ಮಾತಾಡುವುದಿಲ್ಲ. ಹೋದ ವಾರ ಅವಳೇ ಕೇಳಿದಳು, "ಏನಮ್ಮ, ಇವತ್ತು ಬೈಗುಳ ಇಲ್ವಾ?" ನಗು ಇತ್ತು ಧ್ವನಿಯಲ್ಲಿ. ಬೈಸಿಕೊಳ್ಳಬೇಕು ಎಂದೇ ಕೇಳಿದ ಹಾಗೆ. ಜೈಲು ಸೋಮಾರಿಗಳ ತವರು, ನಾನು ಬೆಳಗ್ಗೆ ಬೇಗ ಏಳಬೇಕು, ಎಂದು ಇಟ್ಟುಬಿಟ್ಟೆ.

ಇವತ್ತು ಪೈಸ್ಲಿ ಒಂದು ಚಿತ್ರ ತಂದಿದ್ದಳು. ಮನೆ, ಸೂರ್ಯ, ಎರಡು ಆಡು, ಗೆರೆ ಗೆರೆಯ ನಾಲ್ಕು ಜನ.

"ಇದು ನಾನು, ಇದು ಅಮ್ಮ ಜೊಆನಾ, ಇದು..."

"ಯಾವ ಅಮ್ಮ?"

ಮಗು ಹೆದರಿ ಜೊಆನಾ ಕಡೆ ನೋಡಿತು. ಜೊಆನಾ ಕೆಂಪಾದಳು. "ನಾನು ಹೇಳ್ಕೊಟ್ಟಿಲ್ಲ ಡಾರ್ಲಾ. ಅವಳೇ ಶುರು ಮಾಡಿದ್ಲು." ನಿಜವೇ ಇರಬಹುದು. ಹಲ್ಲು ಕಚ್ಚಿಕೊಂಡು ಚಿತ್ರ ಚೆನ್ನಾಗಿದೆ ಎಂದೆ.

ಜನವರಿಯಲ್ಲಿ ಜಡ್ಜ್ ಪೈಸ್ಲಿಯ ಕೇಸನ್ನು ಮತ್ತೆ ನೋಡುತ್ತಾನ‌ಂತೆ. ನನ್ನ ಅರ್ಜಿ ಹೀಗೇ ಸತ್ತು ಬಿದ್ದಿದ್ದರೆ ಬ್ರೆನ್ನೆಮನ್‌ ದಂಪತಿಗೆ ಮಗುವನ್ನು ಕಾಯಂ ಮಾಡುತ್ತಾರೆ. ಕೇಲಬ್ ಮೆತ್ತಗೆ ಹೇಳಿದ. ಈ ಸಲ ಬರೆದುಕೊಳ್ಳಲಿಲ್ಲ.

ಅಕ್ಟೋಬರ್ 3, ಮಂಗಳವಾರ

ಡಾಬ್ಸ್ ಕೌಂಟಿಯ ಅರ್ಜಿಗೆ ಸಹಿ ಹಾಕಿದೆ. ಪತ್ರ ತಲುಪುವುದರೊಳಗೆ ನಾನೇ ಹೋಗಿ ಹೇಳಬೇಕು. ಭೇಟಿಗೆ ಹೆಸರು ಬರೆಸಿದ್ದೇನೆ. ಸಿಕ್ಕಿದ್ದು 28ನೇ ತಾರೀಖು. ಅದಕ್ಕಿಂತ ಮೊದಲು ಜಾಗವಿಲ್ಲವಂತೆ, ಅವರದೇನೋ ಐಷಾರಾಮಿ ಹೋಟೆಲ್ ಇದ್ದ ಹಾಗೆ. ಭಾನುವಾರ ಫೋನಿನಲ್ಲಿ ಹೇಳಬಹುದು. ಆದರೆ ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ. ಎದುರಿಗೇ ಹೇಳುತ್ತೇನೆ.

ಅಕ್ಟೋಬರ್ 28, ಶನಿವಾರ. ಸಂಜೆ 6

ಈಗ ಬಂದೆ. ಬೂಟು ಬಿಚ್ಚಿಲ್ಲ.

ಹೋಗುವಾಗ ಎರಡೂವರೆ ಗಂಟೆ ಕಾರಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಚಿಕ್ಕ ವಯಸ್ಸು, ಡ್ವೈಟನ ಕಾಟ, ಐದು ನಿಮಿಷ ಅಂದುಕೊಂಡಿದ್ದು. ಶೆಲ್ಬಿ ಬಂದು ಎದುರಿಗೆ ಕೂತಳು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ. ಮುಖದಲ್ಲಿ ಮಾಂಸ ತುಂಬಿದೆ.

"ಪತ್ರ ಬಂತು" ಎಂದಳು. "ಗುರುವಾರ. ಮೊದ್ಲು ಪೈಸ್ಲಿ ಕೇಸಿಂದು ಅನ್ಕೊಂಡೆ. ಸಂತ್ರಸ್ತೆ ಅಂತ ನನ್ನ ಹೆಸರಿದೆ. ಅವರೇ ತಪ್ಪು ಮಾಡಿದಾರೆ ಅನ್ಕೊಂಡೆ."

ಜೋಡಿಸಿಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ.

"ಎಷ್ಟು ಹೊತ್ತು?"

"ರಿಪೋರ್ಟಲ್ಲಿ ನಲವತ್ತು ನಿಮಿಷ..."

"ರಿಪೋರ್ಟ್ ಬೇಡ. ನೀನು ಹೇಳು."

"ಒಂದೂವರೆ ಗಂಟೆ."

"ಒಳಗೆ ಏನ್ ಮಾಡ್ತಿದ್ದೆ?"

"ಇಸ್ಪೀಟು. ಗೆಲ್ತಿದ್ದೆ."

ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು. ಪಕ್ಕದ ಮೇಜಿನಲ್ಲಿ ಯಾರದೋ ಮಗು ಚಿಪ್ಸ್ ಚೆಲ್ಲಿತು.

"ನನಗೇನೂ ನೆನಪಿಲ್ಲ ಬಿಡು" ಎಂದಳು. "ಅಳಿಸ್ಕೋ. ಅಡ್ಡಿ ಇಲ್ಲ ಅಂತ ಟಿಕ್ ಹಾಕಿ ನಿನ್ನೇನೇ ಕಳಿಸಿದೀನಿ."

ಹೋದ ಉಸಿರು ಬಂತು. "ಒಳ್ಳೇ ಕೆಲಸ ಮಾಡ್ದೆ ಕಣೇ. ಇನ್ನು ಜನವರಿಯೊಳಗೆ ಪೈಸ್ಲಿ..."

"ಪೈಸ್ಲಿ ಜೊಆನಾ ಹತ್ರಾನೇ ಇರ್ಲಿ. ಕೇಲಬ್ ಕೇಳಿದ್ರೆ ಹಾಗೇ ಹೇಳ್ತೀನಿ."

"ಕಾರಲ್ಲಿ ಬಿಟ್ಟಿದ್ದಕ್ಕಾ? ಯಾವ ಕಾಲದ್ದು ಅದು!"

"ಅದಕ್ಕಲ್ಲಮ್ಮ. ಇಪ್ಪತ್ತು ವರ್ಷದ ಹುಡುಗಿ, ತಲೆ ಇರ್ಲಿಲ್ಲ, ಬಿಟ್ಟೆ. ನಾನೂ ಬಿಟ್ಟೆ. ಆದ್ರೆ ಅದು ಹೇಗಿರುತ್ತೆ ಅಂತ ನಿನಗೆ ಗೊತ್ತಿತ್ತು. ಆಮೇಲೆ ಮಗು ಮುಖ ನೋಡೋಕೆ ಹೇಗೆ ಭಯ ಆಗುತ್ತೆ ಅಂತ ಗೊತ್ತಿತ್ತು. ನನಗೆ ಹೇಳ್ಬಹುದಿತ್ತು. ಬರೀ ಒಂದ್ಸಲ. ಅದು ಬಿಟ್ಟು ವಾರ ವಾರ ಫೋನಲ್ಲಿ ನನ್ನ ಮುಖಕ್ಕೆ ಉಗಿದೆ. ನಾಳೆ ಪೈಸ್ಲಿ ಏನೋ ಒಂದು ತಪ್ಪು ಮಾಡ್ತಾಳೆ. ಹಾಲು ಚೆಲ್ತಾಳೆ, ಸುಳ್ಳು ಹೇಳ್ತಾಳೆ. ಅವಳಿಗೂ ಹಾಗೇ ಉಗೀತೀಯ."

"ಜೈಲಲ್ಲಿ ಕೂತ್ಕೊಂಡು ನನಗೆ ಬುದ್ಧಿ ಹೇಳೋಕೆ ಬಂದ್ಯಾ?"

ಬಾಯಿಂದ ಹೊರಟೇಹೋಯಿತು. ಹೇಳಬೇಕು ಎಂದು ಹೇಳಿದ್ದಲ್ಲ.

ಶೆಲ್ಬಿ ಕೋಪ ಮಾಡಿಕೊಳ್ಳಲಿಲ್ಲ. ಎದ್ದು ಕುರ್ಚಿ ಒಳಗೆ ತಳ್ಳಿದಳು. "ನೋಡಿದ್ಯಾ?" ಎಂದಳು. ಇನ್ನೂ ಅರ್ಧ ಗಂಟೆ ಇತ್ತು. ಹೊರಟುಹೋದಳು.

ವಾಪಸು ಬರುವಾಗ ಪೆಟ್ರೋಲ್ ಬಂಕಿನ ಹಿಂದೆ ಕಾರು ನಿಲ್ಲಿಸಿ ಅಳುತ್ತ ಕೂತಿದ್ದೆ. ಯಾರೋ ಬಂದು ಗಾಜು ತಟ್ಟಿ, ಹುಷಾರಾಗಿದ್ದೀರಾ ಎಂದರು. ನಿಮ್ಮ ಪಾಡಿಗೆ ನೀವು ಹೋಗಿ ಎಂದೆ.

ಡಿಸೆಂಬರ್ 15, ಶುಕ್ರವಾರ

ಡಾಬ್ಸ್ ಕೌಂಟಿಯ ಆದೇಶ ಬಂತು. ಅಲ್ಲಿಯದೂ ಹೋಯಿತು. ಇನ್ನು ಯಾರು ಕೇಳಿದರೂ ಇಲ್ಲ ಎಂದು ಬರೆಯಬಹುದು, ಸುಳ್ಳಾಗುವುದಿಲ್ಲ. ಡೀ ಆನ್‌ಗೂ ಇನ್ನು ನೂಡಲ್ಸ್ ಕೇಸು ಎಂದು ಕೂಗುವ ಹಾಗಿಲ್ಲ. ಕೂಗುತ್ತಾಳೆ.

ಕೇಲಬ್‌ಗೆ ಫೋನು ಮಾಡಿದೆ. ಸುಳ್ಳು ಬರೆದಿದ್ದಕ್ಕೆ ನಾನು ಕೊಟ್ಟ ಪತ್ರ ಸೇರಿಸಿದ್ದಾನೆ. ಶೆಲ್ಬಿ ಹೇಳಿದ್ದನ್ನೂ ಸೇರಿಸಿದ್ದಾನೆ.

"ತಾಯಿ ಮಾತು ಕೇಳ್ತಾರೆ, ಆದ್ರೆ ತೀರ್ಮಾನ ಜಡ್ಜ್‌ದು. ಸ್ವಂತ ಅಜ್ಜಿ ಅನ್ನೋದು ಸಣ್ಣ ವಿಷಯ ಅಲ್ಲ. ಕೊನೇ ಫಾರಂ ಕಳಿಸಿದೀನಿ. ಮುಂದುವರಿಸ್ತೀರಾ?"

"ಮತ್ತೇನು? ಇಷ್ಟು ದಿನ ಕತ್ತೆ ಕಾಯ್ತಿದ್ನಾ?"

ಡಿಸೆಂಬರ್ 17, ಭಾನುವಾರ. ಮಧ್ಯಾಹ್ನ

ಶೆಲ್ಬಿ ಏಳು ಭಾನುವಾರದಿಂದ ಫೋನು ಮಾಡಿಲ್ಲ.

ಫಾರಂ ಮೇಜಿನ ಮೇಲಿದೆ. ಮೂವತ್ತೊಂದು ಪ್ರಶ್ನೆ. ಮಗುವಿಗೆ ಬೇರೆ ಹಾಸಿಗೆ ಇದೆಯೇ. ಹೊಗೆ ಎಚ್ಚರಿಕೆ ಗಂಟೆ ಇದೆಯೇ. ಬಂದೂಕಿಗೆ ಬೀಗ ಇದೆಯೇ. ನಾಯಿ ಕಚ್ಚುತ್ತದೆಯೇ. ಇಪ್ಪತ್ತೊಂದು ಪ್ರಶ್ನೆ ಕಾಫಿ ಆರುವುದರೊಳಗೆ ಮುಗಿಸಿದೆ. ಇಪ್ಪತ್ತೆರಡನೆಯದು:

ಮಗುವಿನ ತಾಯಿಯ ಬಗ್ಗೆ ಮಗುವಿನ ಮುಂದೆ ಹೇಗೆ ಮಾತನಾಡುತ್ತೀರಿ? ನೀವು ಆಡಿದ ಮಾತಿನ ಉದಾಹರಣೆ ಕೊಡಿ.

ಇಂಥ ಪ್ರಶ್ನೆ ಬರೆಯಲು ಯಾರಿಗೋ ಸಂಬಳ ಕೊಡುತ್ತಾರೆ. ಗೌರವದಿಂದ, ಎಂದು ಬರೆದೆ. ಉದಾಹರಣೆಗೆ ಮೂರು ಗೆರೆ ಜಾಗ ಬಿಟ್ಟಿದ್ದಾರೆ. ಜಿರಾಫೆಯ ಕೋಣೆಯಲ್ಲಿ ಆಡಿದ್ದೆಲ್ಲ ನೆನಪು ಮಾಡಿಕೊಂಡೆ. ಕೇಲಬ್ ಎಲ್ಲವನ್ನೂ ಬರೆದುಕೊಂಡಿದ್ದಾನೆ, ಸುಳ್ಳು ನಡೆಯುವುದಿಲ್ಲ. ಈ ನೋಟುಬುಕ್ಕನ್ನೂ ಮಾರ್ಚಿನಿಂದ ತಿರುವಿ ಹಾಕಿದೆ, ಒಂದಾದರೂ ಸಿಗುತ್ತದೇನೋ ಎಂದು. ಒಂದೂ ಇಲ್ಲ. ಶೆಲ್ಬಿಯ ಹೆಸರು ಬಂದಲ್ಲೆಲ್ಲ ಓದಿದೆ. ನಾನೇ ಬರೆದಿದ್ದು, ನಾನೇ ಓದಿ ಮುಖ ತಿರುಗಿಸಿಕೊಂಡೆ.

ಗುರುವಾರ ಪೈಸ್ಲಿ ಬರುತ್ತಾಳೆ. ಅವಳಿಗೆ ಹೇಳಬೇಕು, ಆಮೇಲೆ ಫಾರಂನಲ್ಲಿ ಬರೆಯಬೇಕು. ಜಡ್ಜ್ ಯಾರಿಗೆ ಕೊಡುತ್ತಾನೋ ಗೊತ್ತಿಲ್ಲ. ಹೇಳುವುದಂತೂ ಹೇಳಬೇಕು. ಇಲ್ಲಿ ಮೊದಲು ಬರೆದು ನೋಡುತ್ತೇನೆ.

ಪೈಸ್ಲಿ, ನಿಮ್ಮಮ್ಮ ಕೆಟ್ಟವಳಲ್ಲ, ಆದರೆ

ಬೇಡ. "ಆದರೆ" ಬೇಡ.

ಪೈಸ್ಲಿ, ನಿಮ್ಮಮ್ಮ ಎಂಟು ತಿಂಗಳ ಕೂಸಾಗಿದ್ದಾಗ ಒಂದು ದಿನ ನಾನು ಅವಳನ್ನು